ತಮ್ಮನೂ ಭಾಯ್‌ಜಾನನೂ: ನಗುವ ಅಕ್ಷರಗಳ ಕುರಿತು

ಲಿಪಿಯ ಬಗ್ಗೆ ನಮ್ಮಲ್ಲಿ ಮಾತು ಹುಟ್ಟುವುದು ಸಾಮಾನ್ಯವಾಗಿ ಎರಡೇ ಕಡೆ. ಒಂದೋ ಸನ್ಮಾನದ ವೇದಿಕೆಯಲ್ಲಿ, ಇಲ್ಲವೇ ಜಗಳದ ಬೀದಿಯಲ್ಲಿ. ವೇದಿಕೆ ಹತ್ತಿದರೆ ಕನ್ನಡ ಅಕ್ಷರಗಳು ಮುತ್ತು ಪೋಣಿಸಿದಂತಿವೆ ಎನ್ನುತ್ತೇವೆ, ಉರ್ದು ಬರಹದ ನಜಾಕತ್ತನ್ನು ಕೊಂಡಾಡುತ್ತೇವೆ. ಬೀದಿಗಿಳಿದರೆ ಯಾವ ಬೋರ್ಡಿನಲ್ಲಿ ಯಾವ ಲಿಪಿ ಮೇಲಿದೆ, ಯಾವುದಕ್ಕೆ ಮಸಿ ಬಳಿಯಬೇಕು ಎಂಬ ಲೆಕ್ಕ ಶುರುವಾಗುತ್ತದೆ. ಆದರೆ ಲಿಪಿಗೆ ಇವೆರಡರ ನಡುವೆ ಒಂದು ದಿನನಿತ್ಯದ ಬದುಕಿದೆ. ಐಸ್‌ಕ್ಯಾಂಡಿ ಗಾಡಿ, ಮಕ್ಕಳ ಪುಸ್ತಕದ ರಕ್ಷಾಪುಟ, ಹುಟ್ಟುಹಬ್ಬದ ಫ್ಲೆಕ್ಸು, ಬೇಕರಿಯ ಪೊಟ್ಟಣ ಇವೆಲ್ಲ ಅದರ ವಾಸಸ್ಥಳಗಳು. ಅಲ್ಲಿ ಅಕ್ಷರಕ್ಕೆ ಗಾಂಭೀರ್ಯ ಬೇಕಿಲ್ಲ, ಅದು ನಕ್ಕರೆ ಸಾಕು. ನಮ್ಮ ಲಿಪಿಗಳಿಗೆ ಹೀಗೆ ನಗಲು ಅವಕಾಶವಿದೆಯೇ ಎಂಬ ಪ್ರಶ್ನೆಯನ್ನು ನಮ್ಮ ವಿಮರ್ಶೆ ಅಷ್ಟಾಗಿ ಕೇಳಿಕೊಂಡಿಲ್ಲ. ಕಥೆ, ಕವಿತೆ, ಸಿನಿಮಾಗಳನ್ನು ವಿಮರ್ಶಿಸುವ ನಾವು ಅವನ್ನು ಹೊತ್ತು ತರುವ ಅಕ್ಷರದ ಆಕಾರವನ್ನು ಗಮನಿಸದೆ ಮುಂದೆ ಹೋಗುತ್ತೇವೆ.

ಈ ಪ್ರಶ್ನೆಯನ್ನು ಕೇಳಲು ಒಂದು ಒಳ್ಳೆಯ ನೆಪವಾಗಿ ನಾವು ಆರಿಸಿಕೊಂಡಿರುವುದು 'ಬಾಲೂ' ಎಂಬ ಅಕ್ಷರ ಕುಟುಂಬವನ್ನು. ಮುಂಬಯಿಯ ಏಕ್ ಟೈಪ್ ಎಂಬ ಅಕ್ಷರ ವಿನ್ಯಾಸಕಾರರ ಬಳಗ 2015-16ರ ಸುಮಾರಿಗೆ ಇದನ್ನು ಹೊರತಂದಿತು. ಗೂಗಲ್ ಫಾಂಟ್ಸ್‌ನಲ್ಲಿ ಇದು ಯಾರಿಗೂ ಉಚಿತವಾಗಿ ಸಿಗುತ್ತದೆ. ಪುಸ್ತಕದ ಒಳಪುಟಗಳಲ್ಲಿ ಓದಲು ಮಾಡಿದ ಅಕ್ಷರ ಇದಲ್ಲ. ಶೀರ್ಷಿಕೆ, ಬೋರ್ಡು, ಪೋಸ್ಟರುಗಳಲ್ಲಿ ದೊಡ್ಡದಾಗಿ ನಿಂತು ಕಣ್ಣು ಸೆಳೆಯುವುದು ಇದರ ಕೆಲಸ. ದೇವನಾಗರಿ, ಗುಜರಾತಿ, ಗುರುಮುಖಿ, ಬಂಗಾಳಿ, ಒಡಿಯಾ, ತಮಿಳು, ತೆಲುಗು, ಮಲಯಾಳ, ಕನ್ನಡ ಮತ್ತು ಅರಬಿ ಹೀಗೆ ಹತ್ತು ಲಿಪಿಗಳಿಗೆ ಒಂದೇ ಸ್ವಭಾವದ ಅಕ್ಷರಗಳನ್ನು ಬರೆಯಲಾಗಿದೆ. ಪ್ರತಿಯೊಂದರ ಜೊತೆಗೂ ಇಂಗ್ಲಿಷ್ ಅಕ್ಷರಗಳಿವೆ. ಕನ್ನಡ ಮತ್ತು ಉರ್ದು ಎರಡರಲ್ಲೂ ಅಕ್ಷರಾಭ್ಯಾಸ ಮಾಡಿದ ನಮ್ಮಂಥವರಿಗೆ ಈ ಎರಡು ಲಿಪಿಗಳು ಒಂದೇ ಮನೆಯ ಬಟ್ಟೆ ತೊಟ್ಟು ಎದುರಿಗೆ ಬಂದದ್ದೇ ಒಂದು ಸುದ್ದಿ.

ಹೆಸರಿನಿಂದಲೇ ಆರಂಭಿಸೋಣ. ಬಾಲೂ ಎಂದರೆ ರಡ್ಯಾರ್ಡ್ ಕಿಪ್ಲಿಂಗನ 'ದಿ ಜಂಗಲ್ ಬುಕ್'ನ ಕರಡಿ. ಹಿಂದಿ-ಉರ್ದುವಿನ 'ಭಾಲೂ' ಎಂಬ ಮಾತನ್ನೇ ಕಿಪ್ಲಿಂಗ್ ಹೆಸರಾಗಿಸಿದ. ಆ ಪುಸ್ತಕ ಬಂದದ್ದು 1894ರಲ್ಲಿ. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಕಿಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದದ್ದೂ ಅದೇ ವರ್ಷ. ಕಿಪ್ಲಿಂಗನ ಬಾಲೂ ಮೇಷ್ಟ್ರು. ಕಾಡಿನ ಕಾನೂನನ್ನು ಕಲಿಸುವವನು, ತಪ್ಪಿದರೆ ಏಟು ಕೊಡುವವನು. ಹಕ್ಕಿಗಳು, ಹಾವುಗಳು, ಬೇಟೆಯಾಡುವ ಮೃಗಗಳು ಹೀಗೆ ಒಂದೊಂದು ಜಾತಿಯ ಜೀವಿಗೂ ಅದರದೇ ನುಡಿಯಲ್ಲಿ ಹೇಗೆ ಕರೆಕೊಟ್ಟು ರಕ್ಷಣೆ ಕೇಳಬೇಕು ಎಂಬುದನ್ನು ಅವನು ಮೌಗ್ಲಿಗೆ ಬಾಯಿಪಾಠ ಮಾಡಿಸುತ್ತಾನೆ. 1967ರ ಡಿಸ್ನಿ ಸಿನಿಮಾದಲ್ಲಿ ಅದೇ ಬಾಲೂ ಹೊಟ್ಟೆ ಕುಣಿಸುತ್ತ ಹಾಡುವ ಸೋಮಾರಿ ಗೆಳೆಯನಾದ. ನಮ್ಮ ಈ ಅಕ್ಷರಗಳ ದಪ್ಪ ಮೈಯೂ ಪುಟಿಯುವ ನಡಿಗೆಯೂ ಸಿನಿಮಾದ ಕರಡಿಯವು. ಆದರೆ ಹತ್ತು ಜನರ ನುಡಿಯಲ್ಲಿ ಕರೆಕೊಡುವ ಗುಣ ಮಾತ್ರ ಪುಸ್ತಕದ ಕರಡಿಯದೇ.

ಇನ್ನು ಮಕ್ಕಳ ನಾಮಕರಣ. ಕನ್ನಡದ್ದಕ್ಕೆ 'ಬಾಲೂ ತಮ್ಮ', ತೆಲುಗಿನದಕ್ಕೆ 'ಬಾಲೂ ತಮ್ಮುಡು', ತಮಿಳಿನದಕ್ಕೆ 'ಬಾಲೂ ತಂಬಿ'. ಮಲಯಾಳದ್ದು 'ಚೇಟ್ಟನ್', ಬಂಗಾಳಿಯದು 'ದಾ', ಪಂಜಾಬಿಯದು 'ಪಾಜಿ', ಒಡಿಯಾದ್ದು 'ಭಾಯ್ನಾ', ಗುಜರಾತಿಯದು 'ಭಾಯ್'. ಅರಬಿ ಲಿಪಿಯದು 'ಬಾಲೂ ಭಾಯ್‌ಜಾನ್'. ಎಲ್ಲವೂ ಅಣ್ಣತಮ್ಮಂದಿರನ್ನು ಕರೆಯುವ ಹೆಸರುಗಳೇ. ಫಾಂಟುಗಳಿಗೆ ನದಿ, ರಾಜ, ದೇವತೆಗಳ ಹೆಸರಿಡುವ ನಾಡಿನಲ್ಲಿ ಯಾರೋ ಮನೆಯೊಳಗಿನ ಸಂಬೋಧನೆಯನ್ನು ಎತ್ತಿಕೊಂಡರಲ್ಲ ಎಂದು ಮೊದಲ ನೋಟಕ್ಕೆ ಖುಷಿಯಾಗುತ್ತದೆ. 'ತಮ್ಮಾ, ಸ್ವಲ್ಪ ಸರಿ' ಎಂದು ಬಸ್ಸಿನಲ್ಲಿ ಅಪರಿಚಿತನನ್ನೂ ಕರೆಯುವ ಕನ್ನಡದ ಸಲಿಗೆ ಅದರಲ್ಲಿದೆ. 'ಭಾಯ್‌ಜಾನ್' ಎನ್ನುವಾಗಿನ ಗೌರವ ಬೆರೆತ ಅಕ್ಕರೆಯೂ ಇದೆ.

ಆದರೆ ವಿಮರ್ಶೆ ಖುಷಿಯಲ್ಲೇ ನಿಲ್ಲಬಾರದು. ಈ ಕುಟುಂಬದ ಪಟ್ಟಿಯನ್ನು ಇನ್ನೊಮ್ಮೆ ಓದಿದರೆ ಒಂದು ವಿಷಯ ಹೊಳೆಯುತ್ತದೆ. ದೇವನಾಗರಿಯ ಅಕ್ಷರಕ್ಕೆ ಯಾವ ನಂಟಿನ ಹೆಸರೂ ಇಲ್ಲ. ಅದು ಬರೀ 'ಬಾಲೂ'. ಅಂದರೆ ಕರಡಿ ಅದೇ, ಉಳಿದವರೆಲ್ಲ ಕರಡಿಯ ಅಣ್ಣತಮ್ಮಂದಿರು! ದಕ್ಷಿಣದ ಮೂರು ಲಿಪಿಗಳ ಪಾಲಿಗೆ ಬಂದದ್ದು ಕಿರಿಯರ ಸ್ಥಾನ. ವಿನ್ಯಾಸಕಾರರು ಇದನ್ನು ಉದ್ದೇಶಪೂರ್ವಕವಾಗಿ ಮಾಡಿದ್ದಾರೆಂದು ನಾವು ಹೇಳುತ್ತಿಲ್ಲ. ಉದ್ದೇಶವಿಲ್ಲದೆಯೇ ಇಂಥದ್ದು ಆಗಿಬಿಡುತ್ತದೆ ಎಂಬುದೇ ಗಮನಿಸಬೇಕಾದ ಸಂಗತಿ. ಈ ದೇಶದಲ್ಲಿ ಒಂದು ಲಿಪಿಯನ್ನು ವಿಶೇಷಣವಿಲ್ಲದ ಸಹಜ ಲಿಪಿಯೆಂದೂ ಉಳಿದವನ್ನು 'ಪ್ರಾದೇಶಿಕ'ವೆಂದೂ ಎಣಿಸುವ ರೂಢಿ ಎಷ್ಟು ಆಳಕ್ಕಿಳಿದಿದೆಯೆಂದರೆ, ಸಹೋದರತೆಯನ್ನು ಸಾರುವ ಪಟ್ಟಿಯೊಳಕ್ಕೂ ಅದು ಸದ್ದಿಲ್ಲದೆ ನುಗ್ಗುತ್ತದೆ. ಇನ್ನೊಂದು ಕೊರತೆಯೂ ಇದೆ. ಹತ್ತು ಲಿಪಿಗಳ ಈ ಮನೆಯಲ್ಲಿ ಒಬ್ಬಳೂ ಅಕ್ಕನಿಲ್ಲ, ಆಪಾ ಇಲ್ಲ, ದೀದಿ ಇಲ್ಲ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಮೊದಲ ಅಕ್ಷರ ತಿದ್ದಿಸುವವರು ಹೆಚ್ಚಾಗಿ ಅಕ್ಕಂದಿರೇ ಎಂಬುದನ್ನು ನೆನೆದರೆ ಈ ಕೊರತೆ ಸಣ್ಣದಲ್ಲ.

ಹೀಗಿದ್ದರೂ 'ಭಾಯ್‌ಜಾನ್' ಎಂಬ ಹೆಸರಿನ ಆಯ್ಕೆಯನ್ನು ನಾವು ಮನಸಾರೆ ಮೆಚ್ಚುತ್ತೇವೆ. 'ಭಾಯ್' ಎಂಬ ಮಾತು ಏನೇನೆಲ್ಲ ಅನುಭವಿಸಿದೆ ಎಂಬುದು ನಮ್ಮ ಓದುಗರಿಗೆ ಗೊತ್ತಿಲ್ಲದ್ದೇನಲ್ಲ. ಬೊಂಬಾಯಿ ಸಿನಿಮಾಗಳು ಅದನ್ನು ಭೂಗತ ಲೋಕದ ದೊರೆಗೆ ಬಿರುದಾಗಿ ಕೊಟ್ಟವು. ಕನ್ನಡ ಸಿನಿಮಾಗಳು ಅದನ್ನು ಕಣ್ಣಿಗೆ ಸುರ್ಮಾ ಹಚ್ಚಿ ತಪ್ಪುತಪ್ಪು ಕನ್ನಡ ಮಾತಾಡುವ ಪಾತ್ರಕ್ಕೆ ಅಂಟಿಸಿದವು. ಸಂಬೋಧನೆಯಾಗಿದ್ದ ಮಾತು ಗುರುತಿನ ಚೀಟಿಯಾಯಿತು. ಆ ಮಾತನ್ನು ಮಕ್ಕಳ ಪುಸ್ತಕದ ಕರಡಿಗೆ ಮರಳಿ ಕೊಟ್ಟದ್ದು ಚಿಕ್ಕ ಕೆಲಸವೇ ಇರಬಹುದು. ಆದರೆ ಮಾತುಗಳ ಮೈತೊಳೆಯುವ ಕೆಲಸ ಇಂಥ ಚಿಕ್ಕ ಚಿಕ್ಕ ಕಡೆಗಳಿಂದಲೇ ಆಗಬೇಕು.

ಈಗ ಅಕ್ಷರಗಳ ಆಕಾರಕ್ಕೆ ಬರೋಣ. ಬಾಲೂವಿನ ಗೆರೆ ದಪ್ಪ, ಅಂಚು ಮೆದು. ಇಂಗ್ಲಿಷಿನ 'ಎನ್', 'ಯು'ಗಳ ಬದಿಯಿಂದ ಚಾಚಿಕೊಳ್ಳುವ ಪುಟ್ಟ ಮುಳ್ಳು ಇಲ್ಲಿಲ್ಲ. ಇಂಥ ಸ್ವಭಾವ ಕನ್ನಡಕ್ಕೆ ಸುಲಭವಾಗಿ ಒಗ್ಗುತ್ತದೆ. ಯಾಕೆಂದರೆ ಕನ್ನಡ ಮೊದಲೇ ದುಂಡು ಲಿಪಿ. 'ಬ', 'ಲ', 'ಅ'ಗಳಿಗೆ ಸ್ವಲ್ಪ ಮಾಂಸ ತುಂಬಿದರೆ ಸಾಕು, ಅವು ತಾವಾಗಿಯೇ ಕರಡಿಮರಿಗಳಂತೆ ಕಾಣುತ್ತವೆ. 'ಕ', 'ತ', 'ಸ'ಗಳ ಮೇಲಿನ ತಲೆಕಟ್ಟು ದಪ್ಪವಾಗಿ, ಮಗುವಿನ ತಲೆಗಿಟ್ಟ ಟೊಪ್ಪಿಯಂತೆ ಕೂತಿದೆ. ಹಳೆಯ ಅಚ್ಚುಮೊಳೆಯಿಂದ ಬಂದ ದಪ್ಪ-ಸಪೂರಗಳ ಏರಿಳಿತ ಇಲ್ಲಿ ಬಹುಮಟ್ಟಿಗೆ ಮಾಯವಾಗಿದೆ. ಅದರಿಂದ ಅಕ್ಷರಕ್ಕೆ ಪಠ್ಯಪುಸ್ತಕದ ಗತ್ತು ಹೋಗಿ, ಬೆರಳಲ್ಲಿ ಬಣ್ಣ ಅದ್ದಿ ಗೋಡೆಗೆ ಬರೆದಂಥ ಸಲಿಗೆ ಬಂದಿದೆ.

ಕಷ್ಟ ಎದುರಾಗುವುದು ಒತ್ತಕ್ಷರಗಳಲ್ಲಿ. ಇಂಗ್ಲಿಷಿನಲ್ಲಿ ಅಕ್ಷರಗಳು ಸಾಲಾಗಿ ನಿಲ್ಲುತ್ತವೆ. ಕನ್ನಡದಲ್ಲಿ ಅವು ಒಂದರ ಕೆಳಗೊಂದು ಇಳಿಯುತ್ತವೆ. 'ಸ್ತ್ರೀ' ಎಂದು ಬರೆದರೆ ಸಕಾರದ ಅಡಿಯಲ್ಲಿ ತಕಾರ, ಅದಕ್ಕಂಟಿ ರಕಾರದ ಒತ್ತು, ಮೇಲುಗಡೆ ಗುಡಿಸು, ಪಕ್ಕದಲ್ಲಿ ದೀರ್ಘ. ದಪ್ಪ ಗೆರೆಯಲ್ಲಿ ಇಷ್ಟನ್ನೂ ಒಂದೇ ಕೋಣೆಯಲ್ಲಿ ಕೂರಿಸುವುದೆಂದರೆ ಮದುವೆ ಮನೆಯ ನೆಂಟರನ್ನೆಲ್ಲ ಒಂದೇ ಆಟೋದಲ್ಲಿ ಕಳಿಸಿದಂತೆ. ಇನ್ನು 'ದ' ಮತ್ತು 'ಧ', 'ಡ' ಮತ್ತು 'ಢ' ಇವುಗಳ ವ್ಯತ್ಯಾಸ ನಿಂತಿರುವುದು ಅಡಿಯಲ್ಲಿ ಎಳೆಯುವ ಒಂದು ಪುಟ್ಟ ಗೀರಿನ ಮೇಲೆ. ಅಕ್ಷರ ದಪ್ಪವಾದಷ್ಟೂ ಆ ಗೀರಿಗೆ ಜಾಗ ಕಡಿಮೆ. ದೊಡ್ಡ ಬೋರ್ಡಿನಲ್ಲಿ ಸ್ಪಷ್ಟವಾಗಿ ಕಾಣುವ 'ಧನ' ಮೊಬೈಲಿನ ಸಣ್ಣ ಪರದೆಯಲ್ಲಿ 'ದನ'ವಾಗಿಬಿಟ್ಟರೆ ಅಚ್ಚರಿಯಿಲ್ಲ! ಮೊದಲು ಒಂದೇ ದಪ್ಪದಲ್ಲಿ ಬಂದ ಬಾಲೂಗೆ ಮುಂದೆ 'ಬಾಲೂ 2' ಎಂಬ ಆವೃತ್ತಿಯಲ್ಲಿ ಐದು ತೂಕಗಳು ಸೇರಿಕೊಂಡವು. ಅವುಗಳಲ್ಲಿ ತೆಳುವಾದದ್ದನ್ನು ಸಣ್ಣ ಗಾತ್ರಕ್ಕೆ ಬಳಸುವುದು ಲೇಸು. ನಮ್ಮ ಫ್ಲೆಕ್ಸ್ ಅಂಗಡಿಗಳಲ್ಲಿ ಮಾತ್ರ ದಪ್ಪದ್ದಕ್ಕೇ ಬೇಡಿಕೆ. ಕೊಟ್ಟ ಕಾಸಿಗೆ ಮಸಿ ಜಾಸ್ತಿ ಸಿಗಬೇಕೆಂಬ ಗಿರಾಕಿಯ ಆಸೆಯನ್ನು ಯಾವ ವಿನ್ಯಾಸಕಾರನೂ ತಡೆಯಲಾರ.

ಕನ್ನಡಕ್ಕೆ ತಮಾಷೆಯ ಅಕ್ಷರ ಹೊಸತೇನಲ್ಲ. 1942ರಿಂದ 1967ರವರೆಗೆ ನಡೆದ 'ಕೊರವಂಜಿ'ಯಂಥ ಹಾಸ್ಯ ಪತ್ರಿಕೆಯನ್ನು ಕಂಡ ನಾಡು ಇದು. ಸಿನಿಮಾ ಪೋಸ್ಟರು, ನಾಟಕ ಕಂಪೆನಿಯ ಬ್ಯಾನರು, ಲಾರಿಯ ಹಿಂಬದಿ, ಸೋಡಾ ಅಂಗಡಿಯ ಹಲಗೆ ಎಲ್ಲೆಲ್ಲೂ ಬೋರ್ಡು ಬರೆಯುವ ಪೇಂಟರುಗಳು ಅಕ್ಷರಗಳನ್ನು ಕುಣಿಸುತ್ತಿದ್ದರು. ಹಲ್ವದ ಅಂಗಡಿಗೆ ಬರೆದ ಅಕ್ಷರದಿಂದ ತುಪ್ಪ ತೊಟ್ಟಿಕ್ಕುತ್ತಿತ್ತು, ಮಂಜುಗಡ್ಡೆ ಕಾರ್ಖಾನೆಯ ಅಕ್ಷರದ ತಲೆಯ ಮೇಲೆ ಹಿಮ ಕೂತಿರುತ್ತಿತ್ತು. ಆ ಪೇಂಟರುಗಳಲ್ಲಿ ಮುಸ್ಲಿಮರೂ ಇದ್ದರು. ಒಂದೇ ಕುಂಚದಿಂದ ಬೆಳಿಗ್ಗೆ ಕನ್ನಡ, ಮಧ್ಯಾಹ್ನ ಇಂಗ್ಲಿಷ್, ಸಂಜೆ ಉರ್ದು ಬರೆಯುವ ಕೈಗಳು ಆ ಗುಂಪಿನಲ್ಲಿದ್ದವು. ಕಂಪ್ಯೂಟರ್ ಮತ್ತು ಫ್ಲೆಕ್ಸ್ ಬಂದು ಆ ಕಸುಬನ್ನು ನುಂಗಿದವು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ', ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದು ಕನ್ನಡವನ್ನು ಕಂಪ್ಯೂಟರಿಗೆ ತಂದ ಉಪಕಾರ ದೊಡ್ಡದು. ಆದರೆ ಬೀದಿಯ ಮಟ್ಟಿಗೆ ಅನೇಕ ವರ್ಷ ನಮಗೆ ಕಂಡದ್ದು ಬೆರಳೆಣಿಕೆಯ ಅಕ್ಷರ ಶೈಲಿಗಳು. ಶ್ರದ್ಧಾಂಜಲಿಯ ಫ್ಲೆಕ್ಸಿಗೂ ನಾಮಕರಣದ ಫ್ಲೆಕ್ಸಿಗೂ ಒಂದೇ ಅಕ್ಷರ. ಈ ಬರಗಾಲದಲ್ಲಿ ಬಾಲೂ ತಮ್ಮ ಬಂದದ್ದು ಒಳ್ಳೆಯ ಮಳೆಯಂತೆ. ಯೂನಿಕೋಡಿನಲ್ಲಿ ಇರುವುದರಿಂದ ಒಂದು ಕಡೆ ಟೈಪಿಸಿದ್ದು ಇನ್ನೊಂದು ಕಡೆ ಚಿತ್ರವಿಚಿತ್ರ ಚಿಹ್ನೆಗಳಾಗಿ ಒಡೆಯುವ ಹಳೆಯ ಗೋಳೂ ಇಲ್ಲ.

ಉರ್ದುವಿನ ಕತೆ ಇನ್ನಷ್ಟು ಜಟಿಲವಾದದ್ದು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಟಾಗ ಅದು ಕಲ್ಲಚ್ಚಿನಲ್ಲಿ ಮುದ್ರಣವಾಗಿತ್ತು. ಕೈಯಲ್ಲಿ ಬರೆದು ಕಲ್ಲಿನ ಮೇಲಿಳಿಸಿ ತೆಗೆದ ಪ್ರತಿ ಅದು. ಉರ್ದು ಪತ್ರಿಕೆಗಳೂ ಕಲ್ಲಚ್ಚನ್ನೇ ಹಿಡಿದಿದ್ದವು. ಅಂದರೆ ಮುದ್ರಣದ ಹೊಸ್ತಿಲಲ್ಲಿ ತಮ್ಮನೂ ಭಾಯ್‌ಜಾನನೂ ಒಂದೇ ಕಲ್ಲಿನ ಮೇಲೆ ಕಾಲಿಟ್ಟವರು. ಕನ್ನಡ ಬೇಗನೆ ಅಚ್ಚುಮೊಳೆಗೆ ಹೊರಳಿತು. ಉರ್ದು ಹೊರಳಲಿಲ್ಲ. ಯಾಕೆಂದರೆ ಉರ್ದು ಓದುಗರಿಗೆ ಬೇಕಾದದ್ದು ನಸ್ತಾಲೀಕ್ ಬರಹ. ಅದರಲ್ಲಿ ಪ್ರತಿಯೊಂದು ಪದವೂ ಬಲಗಡೆ ಮೇಲಿನಿಂದ ಹೊರಟು ಎಡಗಡೆಗೆ ಇಳಿಜಾರಿನಲ್ಲಿ ಜಾರುತ್ತದೆ. ಒಂದೇ ಅಕ್ಷರ ಅಕ್ಕಪಕ್ಕದವರನ್ನು ನೋಡಿ ಹತ್ತಾರು ಆಕಾರ ತಾಳುತ್ತದೆ. ಸಮತಟ್ಟಾದ ಸಾಲಿನಲ್ಲಿ ಜೋಡಿಸುವ ಮೊಳೆಗಳಿಗೆ ಈ ಇಳಿಜಾರು ಒಗ್ಗದು. ಹಾಗಾಗಿ ಕಾತಿಬರು ಸಾಲುಸಾಲನ್ನೂ ಕೈಯಲ್ಲೇ ಬರೆದರು. 1927ರಲ್ಲಿ ಮದರಾಸಿನಲ್ಲಿ ಆರಂಭವಾದ 'ದಿ ಮುಸಲ್ಮಾನ್' ದಿನಪತ್ರಿಕೆ ಕಂಪ್ಯೂಟರ್ ಯುಗ ಬಂದ ಮೇಲೂ ಕಾತಿಬರ ಕೈಬರಹದಲ್ಲೇ ಹೊರಬರುತ್ತಿತ್ತು. ಮಿರ್ಜಾ ಅಹ್ಮದ್ ಜಮೀಲ್ ಎಂಬ ಕಲಾವಿದರು ಸಾವಿರಾರು ಜೋಡಕ್ಷರಗಳನ್ನು ಒಂದೊಂದಾಗಿ ಬರೆದುಕೊಟ್ಟ ಮೇಲೆ, 1981ರಲ್ಲಿ 'ನೂರಿ ನಸ್ತಾಲೀಕ್' ಎಂಬ ಹೆಸರಿನಲ್ಲಿ ನಸ್ತಾಲೀಕ್ ಯಂತ್ರದೊಳಕ್ಕೆ ಇಳಿಯಿತು.

ಇಷ್ಟು ಪಾಡುಪಟ್ಟು ಉಳಿಸಿಕೊಂಡ ನಸ್ತಾಲೀಕನ್ನು ಬಾಲೂ ಭಾಯ್‌ಜಾನ್ ಕೈಬಿಟ್ಟಿದ್ದಾನೆ. ಅವನು ನಿಂತಿರುವುದು ನಸ್ಖ್ ದಾರಿಯಲ್ಲಿ. ಅರಬಿ ಪುಸ್ತಕಗಳಲ್ಲಿ ಕಾಣುವ, ಸಮತಟ್ಟಾದ ಸಾಲಿನ ಮೇಲೆ ನಡೆಯುವ ಬರಹ ಅದು. ಹತ್ತು ಲಿಪಿಗಳು ಒಂದೇ ತೂಕದಲ್ಲಿ, ಒಂದೇ ಎತ್ತರದಲ್ಲಿ ಅಕ್ಕಪಕ್ಕ ನಿಲ್ಲಬೇಕಾದರೆ ಇಳಿಜಾರಿನವನು ಸಮತಟ್ಟಿಗೆ ಬರಲೇಬೇಕು. ಕುಟುಂಬದ ಫೋಟೋಗೆ ಎಲ್ಲರೂ ನೆಟ್ಟಗೆ ನಿಂತ ಹಾಗೆ. ಇದಕ್ಕೆ ತೆತ್ತ ಬೆಲೆಯನ್ನು ನಾವು ಮುಚ್ಚಿಡಬಾರದು. ಉರ್ದು ಓದುವ ಹಿರಿಯರ ಕಣ್ಣಿಗೆ ಈ ಅಕ್ಷರ ಉರ್ದುವಾಗಿ ಕಾಣುವುದಿಲ್ಲ, ದುಬಾಯಿಯ ಬಿಸ್ಕತ್ತಿನ ಪೊಟ್ಟಣದಂತೆ ಕಾಣುತ್ತದೆ. ನಸ್ತಾಲೀಕಿನ ಜಾರುವ ನಡಿಗೆಯಲ್ಲಿ ಅದರದೇ ಆದ ಲಾಸ್ಯವಿತ್ತು. ಅದೇ ಒಂದು ತುಂಟತನ. ಅದನ್ನು ಬಿಟ್ಟು ಹೊರಗಿನಿಂದ ತಂದ ದಪ್ಪ ಮೈಯನ್ನು ತುಂಟತನವೆಂದು ತೊಡಿಸಿದ್ದು ಈ ವಿನ್ಯಾಸದ ಮುಖ್ಯ ದೌರ್ಬಲ್ಯವೆಂದು ನಮಗನಿಸುತ್ತದೆ. ತಮ್ಮನಿಗೆ ಅವನ ದುಂಡು ಮೈಯೇ ವರವಾಯಿತು. ಭಾಯ್‌ಜಾನನಿಗೆ ಅವನ ಮೈಯ ಬಳುಕನ್ನು ಬಿಟ್ಟುಬರಬೇಕಾಯಿತು.

ಒಂದು ಕಡೆ ಮಾತ್ರ ದಪ್ಪ ಮೈ ಭಾಯ್‌ಜಾನನಿಗೆ ನೆರವಾಗಿದೆ. ಅದು ನುಕ್ತೆಗಳ ವಿಷಯದಲ್ಲಿ. ಬೇ, ಪೇ, ತೇ, ಸೇ ಈ ನಾಲ್ಕೂ ಒಂದೇ ದೋಣಿ. ಚುಕ್ಕೆ ಮೇಲಿದೆಯೋ ಕೆಳಗಿದೆಯೋ, ಒಂದೋ ಎರಡೋ ಮೂರೋ ಎಂಬುದರ ಮೇಲೆ ಅಕ್ಷರ ನಿರ್ಧಾರವಾಗುತ್ತದೆ. ಒಂದು ನುಕ್ತೆ ಮೇಲಿನಿಂದ ಕೆಳಗಿಳಿದರೆ 'ಖುದಾ' ಹೋಗಿ 'ಜುದಾ' ಆಗುತ್ತದೆ ಎಂದು ನಮ್ಮ ಉಸ್ತಾದರು ಎಚ್ಚರಿಸುತ್ತಿದ್ದುದು ಇದೇ ಕಾರಣಕ್ಕೆ. ಭಾಯ್‌ಜಾನನ ದಪ್ಪ ನುಕ್ತೆಗಳನ್ನು ಕಲಿಯುವ ಮಗು ದೂರದಿಂದಲೇ ಎಣಿಸಬಹುದು. ಉರ್ದು ಶಾಲೆಯ ಒಂದನೇ ತರಗತಿಯ ಗೋಡೆಗೆ ಇಂಥ ಅಕ್ಷರಗಳ ಚಾರ್ಟು ತೂಗುಹಾಕಿದರೆ ಅದರಿಂದ ಮಕ್ಕಳಿಗೆ ಲಾಭವೇ. ನಸ್ತಾಲೀಕಿನ ಸೊಬಗನ್ನು ಮೂರನೇ ತರಗತಿಯಿಂದ ಸವಿಯಲಿ.

ಇಷ್ಟೆಲ್ಲ ಹೇಳಿದ ಮೇಲೆ, ಕರಡಿಯ ಹೆಸರಿನ ಒಂದು ಫಾಂಟಿಗೆ ಇಷ್ಟು ಮಹತ್ವ ಯಾಕೆ ಎಂದು ಯಾರಾದರೂ ಕೇಳಬಹುದು. ಉತ್ತರಕ್ಕಾಗಿ ಮತ್ತೆ ಬೀದಿಗೇ ಬರಬೇಕು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಉರ್ದುವನ್ನು ತಾಯ್ನುಡಿಯೆಂದು ಬರೆಸಿದವರು ಶೇಕಡ 10.8ರಷ್ಟು. ಕನ್ನಡದ ನಂತರದ ಸ್ಥಾನ ಅದರದು. ಆದರೂ ಬೀದಿಯಲ್ಲಿ ಆ ಲಿಪಿ ಕಾಣುವುದು ಎಲ್ಲಿ? ಮಸೀದಿಯ ಬಾಗಿಲಲ್ಲಿ, ದರ್ಗಾದ ಕಮಾನಿನಲ್ಲಿ, ಗೋರಿಯ ಕಲ್ಲಿನಲ್ಲಿ, ಶಾಲೆಯ ಹಲಗೆಯಲ್ಲಿ, ಜಲ್ಸಾದ ಪೋಸ್ಟರಿನಲ್ಲಿ. ಒಂದೋ ಪವಿತ್ರ, ಇಲ್ಲವೇ ಶೋಕ, ಇಲ್ಲವೇ ಶಿಸ್ತು. ಕುಲ್ಫಿಯ ಮೇಲೆ, ಆಟಿಕೆಯ ಮೇಲೆ, ಗಾಳಿಪಟದ ಮೇಲೆ ಅದು ಕಾಣುವುದು ಅಪರೂಪ. ನಗುವುದನ್ನೇ ಯಾರೂ ನೋಡಿರದ ಮನುಷ್ಯನ ಬಗ್ಗೆ ಊರಿನವರು ಏನೇನೋ ಕಲ್ಪಿಸಿಕೊಳ್ಳುತ್ತಾರೆ. ಲಿಪಿಯ ಗತಿಯೂ ಅಷ್ಟೇ. ಓದಲು ಬಾರದ ಲಿಪಿಯನ್ನು ಸದಾ ಗಂಭೀರ ಮುಖದಲ್ಲೇ ಕಂಡವನಿಗೆ ಅದರೊಳಗೆ ಏನೋ ಗುಟ್ಟಿದೆಯೆಂಬ ಗುಮಾನಿ ಹುಟ್ಟುವುದು ಸುಲಭ.

ಆ ಗುಮಾನಿಗೆ ತೆತ್ತ ಬೆಲೆ ಕಡಿಮೆಯದಲ್ಲ. 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನದಲ್ಲಿ ಹತ್ತು ನಿಮಿಷಗಳ ಉರ್ದು ವಾರ್ತೆ ಆರಂಭವಾದಾಗ ನಡೆದ ಗಲಭೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಹತ್ತು ನಿಮಿಷಗಳ ವಾರ್ತೆಗೆ ಅಷ್ಟು ಜೀವಗಳು! ಮಹಾರಾಷ್ಟ್ರದ ಅಕೋಲ ಜಿಲ್ಲೆಯ ಪಾತೂರು ಪುರಸಭೆಯ ಬೋರ್ಡಿನಲ್ಲಿ ಮರಾಠಿಯ ಜೊತೆ ಉರ್ದು ಇರಬಾರದೆಂಬ ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಭಾಷೆಯೆಂದರೆ ಧರ್ಮವಲ್ಲ, ಅದು ಜನರಿಗೆ, ಪ್ರದೇಶಕ್ಕೆ ಸೇರಿದ್ದು ಎಂದು 2025ರ ಏಪ್ರಿಲ್‌ನಲ್ಲಿ ನ್ಯಾಯಾಲಯ ತೀರ್ಪು ಕೊಟ್ಟು ಆ ತಕರಾರನ್ನು ತಳ್ಳಿಹಾಕಿತು. ಒಂದು ಪುರಸಭೆಯ ಬೋರ್ಡಿನ ಅಕ್ಷರಗಳು ಉಳಿಯಲು ದೇಶದ ಅತ್ಯುನ್ನತ ನ್ಯಾಯಾಲಯ ಬಾಯಿಬಿಡಬೇಕಾಯಿತು.

ನ್ಯಾಯಾಲಯ ಹೇಳಿದ್ದು ನಮ್ಮ ನಾಡಿನ ಅನುಭವವೂ ಹೌದು. ಕರ್ನಾಟಕದ ಮುಸ್ಲಿಮರೆಲ್ಲ ಭಾಯ್‌ಜಾನನ ಲಿಪಿಯವರಲ್ಲ. ಕರಾವಳಿಯ ಬ್ಯಾರಿಗಳ ಮನೆಮಾತು ಬ್ಯಾರಿ. ಅದರ ಪುಸ್ತಕಗಳು ಈಗ ಬರುತ್ತಿರುವುದು ಕನ್ನಡ ಲಿಪಿಯಲ್ಲಿ. ಭಟ್ಕಳದ ನವಾಯತಿಯನ್ನು ಬರೆಯುವುದು ಉರ್ದು ಲಿಪಿಯಲ್ಲಿ. ಉತ್ತರ ಕರ್ನಾಟಕದ ಎಷ್ಟೋ ನದಾಫರ, ಪಿಂಜಾರರ ಮನೆಗಳಲ್ಲಿ ಕನ್ನಡವೇ ಮನೆಮಾತು. ಅವರ ಮಕ್ಕಳ ಪುಸ್ತಕದ ಮೇಲೆ ಕೂರಬೇಕಾದವನು ಬಾಲೂ ತಮ್ಮನೇ. ಹಾಗೆಯೇ ಉರ್ದು ಕಲಿತು ಉರ್ದುವಿನಲ್ಲಿ ಬರೆದ ಹಿಂದೂಗಳ ಪಟ್ಟಿಯೂ ಉದ್ದವಿದೆ. ಯಾರು ಯಾವ ಲಿಪಿಯ ತಮ್ಮ, ಯಾರು ಯಾವ ಲಿಪಿಯ ಭಾಯ್ ಎಂಬುದನ್ನು ಧರ್ಮದ ಕಾಲಂ ನೋಡಿ ಬರೆಯಲಾಗದು. ಈ ಫಾಂಟಿನ ಸಹೋದರ ಪಟ್ಟಿಯನ್ನು ಹಾಗೆ ಓದಿಕೊಳ್ಳುವ ಅಪಾಯವಿದೆ ಎಂದೇ ಈ ಮಾತನ್ನು ಇಲ್ಲಿ ಹೇಳಬೇಕಾಯಿತು.

ಕನ್ನಡದ ಕಾಳಜಿಗೂ ಇಲ್ಲಿ ಒಂದು ಪಾಠವಿದೆ. 2024ರ ತಿದ್ದುಪಡಿಯ ಪ್ರಕಾರ ರಾಜ್ಯದ ವಾಣಿಜ್ಯ ನಾಮಫಲಕಗಳಲ್ಲಿ ಶೇಕಡ 60ರಷ್ಟು ಜಾಗ ಕನ್ನಡಕ್ಕಿರಬೇಕು. ಕನ್ನಡದ ನೆಲದಲ್ಲಿ ಕನ್ನಡ ಎದ್ದು ಕಾಣಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಶೇಕಡ 60 ಎನ್ನುವುದು ಜಾಗದ ಅಳತೆ, ಚೆಂದದ ಅಳತೆ ಅಲ್ಲ. ದಂಡಕ್ಕೆ ಹೆದರಿ, ಇಂಗ್ಲಿಷ್ ಹೆಸರನ್ನು ಯಾವುದೋ ಹಳೆಯ ಫಾಂಟಿನಲ್ಲಿ ಕನ್ನಡಕ್ಕಿಳಿಸಿ, ಅಡ್ಡಡ್ಡ ಎಳೆದು ಜಾಗ ತುಂಬಿಸಿದ ಬೋರ್ಡುಗಳನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಅಲ್ಲಿ ಇಂಗ್ಲಿಷಿಗೆ ವಿನ್ಯಾಸವಿದೆ, ಕನ್ನಡಕ್ಕೆ ಹಾಜರಿ ಮಾತ್ರ. ಬಾಲೂನಂಥ ಅಕ್ಷರಗಳ ನಿಜವಾದ ಉಪಯೋಗ ಇಂಥ ಕಡೆ. ಇಂಗ್ಲಿಷ್ ಮತ್ತು ಕನ್ನಡ ಎರಡನ್ನೂ ಒಂದೇ ಬಳಗ ಒಂದೇ ಮನಸ್ಸಿನಿಂದ ಬರೆದಿರುವುದರಿಂದ ಎರಡೂ ಸರಿಸಮನಾಗಿ ನಿಲ್ಲುತ್ತವೆ. ಅದೇ ಬೋರ್ಡಿನ ಕೆಳಗೆ ಉರ್ದುವಿನಲ್ಲಿ ಒಂದು ಸಾಲಿದ್ದರೂ ಅದು ಹೊರಗಿನಿಂದ ತಂದು ಅಂಟಿಸಿದ ಚೀಟಿಯಂತೆ ಕಾಣುವುದಿಲ್ಲ.

ನಗುವ ಅಕ್ಷರಕ್ಕೆ ಜಾಗದ ಅರಿವೂ ಬೇಕು. ಇದಕ್ಕೆ ಲೋಕಪ್ರಸಿದ್ಧ ಉದಾಹರಣೆ 'ಕಾಮಿಕ್ ಸ್ಯಾನ್ಸ್'. ಮೈಕ್ರೋಸಾಫ್ಟಿನಲ್ಲಿದ್ದ ವಿನ್ಸೆಂಟ್ ಕೊನ್ನೇರ್ 1994ರಲ್ಲಿ ಅದನ್ನು ಬರೆದದ್ದು ಪರದೆಯ ಮೇಲೆ ಮಾತಾಡುವ ಒಂದು ಕಾರ್ಟೂನ್ ನಾಯಿಗಾಗಿ. ಅದು ಕಂಪ್ಯೂಟರುಗಳಲ್ಲಿ ಸೇರಿಕೊಂಡ ಮೇಲೆ ಜನ ಅದನ್ನು ಕಚೇರಿಯ ನೋಟೀಸಿಗೂ ಆಸ್ಪತ್ರೆಯ ಸೂಚನೆಗೂ ಬಳಸಿದರು. 2012ರ ಜುಲೈ 4ರಂದು ಸರ್ನ್ ಪ್ರಯೋಗಾಲಯದಲ್ಲಿ ಹಿಗ್ಸ್ ಬೋಸಾನಿನ ಶೋಧವನ್ನು ವಿವರಿಸುತ್ತ ವಿಜ್ಞಾನಿ ಫ್ಯಾಬಿಯೋಲ ಜಿಯನೋಟಿ ಅದೇ ಅಕ್ಷರವನ್ನು ಬಳಸಿದಾಗ, ಕೆಲವರು ಶೋಧವನ್ನು ಬಿಟ್ಟು ಫಾಂಟನ್ನೇ ಲೇವಡಿ ಮಾಡಿದರು. ಆ ಲೇವಡಿಯಲ್ಲಿ ಬಲ್ಲವರ ಅಹಂಕಾರವೂ ಇತ್ತೆನ್ನಿ. ಜನ ಒಂದು ಅಕ್ಷರವನ್ನು ಎಲ್ಲೆಲ್ಲೂ ಬಳಸುತ್ತಾರೆಂದರೆ ಅದರ ಸಲಿಗೆ ಅವರಿಗೆ ಬೇಕಾಗಿದೆ ಎಂದೇ ಅರ್ಥ. ಆದರೆ ಸಂತಾಪದ ಫ್ಲೆಕ್ಸಿನಲ್ಲಿ ಬಾಲೂ ಕುಣಿದರೆ ಅದು ಸಲಿಗೆಯಲ್ಲ, ಅಲಕ್ಷ್ಯ. ಅಪಾಯದ ಸೂಚನೆಯನ್ನು ಮುದ್ದು ಅಕ್ಷರದಲ್ಲಿ ಬರೆದರೆ ಅಪಾಯ ಆಟದಂತೆ ಕಾಣುತ್ತದೆ.

ಇದಕ್ಕಿಂತ ಹೆಚ್ಚು ಕಳವಳಕಾರಿಯಾದ ಬಳಕೆ ಮತ್ತೊಂದಿದೆ. ಬಾಲೂ ಬಂದಿರುವುದು ಓಪನ್ ಫಾಂಟ್ ಲೈಸೆನ್ಸಿನ ಅಡಿಯಲ್ಲಿ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಫಾಂಟನ್ನಷ್ಟೇ ಬಿಡಿಯಾಗಿ ಮಾರುವಂತಿಲ್ಲ. ಯಾವ ಮಾತಿಗೆ ಬಳಸುತ್ತೀರಿ ಎಂದು ಆ ಲೈಸೆನ್ಸ್ ಕೇಳುವುದಿಲ್ಲ. ಹಾಗಾಗಿ ಮಕ್ಕಳ ಪದ್ಯವನ್ನು ಬರೆಯುವ ಅಕ್ಷರದಲ್ಲೇ ನೆರೆಯವನ ವಿರುದ್ಧ ವಿಷವನ್ನೂ ಬರೆಯಬಹುದು. ಮೊಬೈಲಿನಿಂದ ಮೊಬೈಲಿಗೆ ಹಾರುವ ಚಿತ್ರಗಳಲ್ಲಿ ದ್ವೇಷ ಈಗ ಹಲ್ಲು ಕಿರಿದು ಬರುವುದಕ್ಕಿಂತ ಜೋಕಿನ ವೇಷದಲ್ಲಿ ಬರುವುದೇ ಹೆಚ್ಚು. ದುಂಡಗಿನ ಮುದ್ದು ಅಕ್ಷರ ಆ ವೇಷಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಅಕ್ಷರವನ್ನು ಅದಕ್ಕಾಗಿ ದೂಷಿಸಲಾಗದು. ಚಾಕು ಮಾಡಿದವನನ್ನು ಕೊಲೆಗೆ ಹೊಣೆ ಮಾಡಲಾಗದು. ಆದರೆ ತುಂಟತನಕ್ಕೂ ಕ್ರೌರ್ಯಕ್ಕೂ ಇರುವ ಅಂತರವನ್ನು ಯಾವ ಫಾಂಟೂ ಕಾಯುವುದಿಲ್ಲ, ಬರೆಯುವವರೇ ಕಾಯಬೇಕು ಎಂಬುದನ್ನು ಮರೆಯಬಾರದು.

ಒಟ್ಟಿನಲ್ಲಿ ಬಾಲೂ ತಮ್ಮ ಯಶಸ್ವಿ ಅಕ್ಷರ. ಒತ್ತಕ್ಷರದ ಇಕ್ಕಟ್ಟನ್ನು ಬಿಟ್ಟರೆ ಕನ್ನಡದ ಮೈಗೆ ಒಗ್ಗಿದ್ದಾನೆ. ಬಾಲೂ ಭಾಯ್‌ಜಾನ್ ಅರ್ಧ ಯಶಸ್ಸು. ಹೆಸರು ಉರ್ದುವಿನದು, ನಡಿಗೆ ಉರ್ದುವಿನದಲ್ಲ. ನಸ್ತಾಲೀಕಿನ ಇಳಿಜಾರಿನಲ್ಲೇ ಜಾರುಬಂಡಿ ಆಡುವ ಒಂದು ತುಂಟ ಅಕ್ಷರವನ್ನು ಯಾರಾದರೂ ತಾಳ್ಮೆಯಿಂದ ಬರೆಯಬೇಕು. ಕಾತಿಬರ ಮನೆಗಳ ಮಕ್ಕಳು ಈಗ ಕಂಪ್ಯೂಟರ್ ಕಲಿತಿದ್ದಾರೆ, ಅವರಲ್ಲಿ ಯಾರಿಗಾದರೂ ಇದು ಹೊಳೆಯಲಿ. ಲೈಸೆನ್ಸ್ ಮುಕ್ತವಾಗಿರುವುದರಿಂದ ಭಾಯ್‌ಜಾನನನ್ನೇ ತಿದ್ದಲು ಹೊರಟರೂ ಅಡ್ಡಿಯಿಲ್ಲ.

ಅಲ್ಲಿಯವರೆಗೆ ನಮ್ಮ ಪ್ರಕಾಶಕರು, ಶಾಲೆಗಳವರು, ಅಂಗಡಿಯವರು ಮಾಡಬಹುದಾದ ಕೆಲಸವೊಂದಿದೆ. ಕನ್ನಡ ಮತ್ತು ಉರ್ದು ಎರಡೂ ಇರುವ ಮಕ್ಕಳ ಪುಸ್ತಕಗಳನ್ನು ತನ್ನಿ. ಒಂದು ಪುಟದಲ್ಲಿ ತಮ್ಮ, ಎದುರಿನ ಪುಟದಲ್ಲಿ ಭಾಯ್‌ಜಾನ್ ಇರಲಿ. ಕನ್ನಡ ಎಡದಿಂದ ಬಲಕ್ಕೆ ನಡೆಯುತ್ತದೆ, ಉರ್ದು ಬಲದಿಂದ ಎಡಕ್ಕೆ. ಹಾಗಾಗಿ ಬಿಚ್ಚಿಟ್ಟ ಪುಸ್ತಕದಲ್ಲಿ ಇಬ್ಬರೂ ಎರಡು ಅಂಚುಗಳಿಂದ ಹೊರಟು ನಡುವಿನ ಹೊಲಿಗೆಯ ಕಡೆಗೆ ನಡೆದುಬರುತ್ತಾರೆ. ಎರಡೂ ಲಿಪಿ ಬಾರದ ಮಗು ಅದನ್ನು ನೋಡಿ ನಕ್ಕರೆ, ಓದು ಆಮೇಲೆ ತಾನಾಗಿ ಬರುತ್ತದೆ.